ಊಟ ಆಯ್ತಾ ಅಂತ ಕೇಳುವ ಇಬ್ಬರನ್ನು ಬರೆಯೋದು ಹೇಗೆ

ಹದಿನೈದು ವರ್ಷದ ಹಿಂದೆ ನಾನು ಬರೆದ ಮೊದಲ ಪ್ರೇಮಕಥೆ ಒಂದು ವಾರಪತ್ರಿಕೆಯಿಂದ ವಾಪಸ್ ಬಂತು. ಕೊನೆಯ ಪುಟದ ಅಂಚಿನಲ್ಲಿ ಸಂಪಾದಕರು ಪೆನ್ಸಿಲ್‌ನಲ್ಲಿ ಒಂದು ಸಾಲು ಬರೆದಿದ್ದರು: ‘ಇವರಿಬ್ಬರಲ್ಲಿ ಯಾರಾದರೂ ಒಂದು ಫೋನ್ ಮಾಡಿದ್ದರೆ ಕಥೆ ಎರಡನೇ ಪುಟಕ್ಕೇ ಮುಗೀತಿತ್ತಲ್ಲ?’ ಎರಡು ದಿನ ಸಿಟ್ಟಿನಲ್ಲಿದ್ದೆ. ಮೂರನೇ ದಿನ ಕಥೆ ತೆಗೆದು ಓದಿದೆ. ನಾಯಕಿ ತನ್ನ ಹುಡುಗನನ್ನು ಹೋಟೆಲಿನಲ್ಲಿ ಬೇರೆ ಹುಡುಗಿಯ ಜೊತೆ ನೋಡುತ್ತಾಳೆ. ಏನೂ ಕೇಳದೆ ಊರು ಬಿಡುತ್ತಾಳೆ. ಆ ಹುಡುಗಿ ಅವನ ಚಿಕ್ಕಪ್ಪನ ಮಗಳು. ಇಷ್ಟಕ್ಕೆ ಹನ್ನೊಂದು ಪುಟ ಕಣ್ರೀ!

ಈಗ ಹಾಸನದ ನಮ್ಮ ಮನೆಯಲ್ಲಿ ಎರಡನೇ ಶನಿವಾರ ಆರೇಳು ಜನ ಸೇರುತ್ತೇವೆ. ಅವತ್ತು ಬ್ಯಾಂಕಿಗೆ ರಜೆ, ನನಗೂ ಬಿಡುವು. ಬರೆದದ್ದು ಓದುತ್ತೇವೆ, ಕಾಫಿ ಕುಡಿಯುತ್ತೇವೆ, ಜಗಳ ಆಡುತ್ತೇವೆ. ಬರುವ ಕಥೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೊಸದಾಗಿ ಪ್ರೀತಿಸುವವರದ್ದು. ಅವರು ಒಬ್ಬರನ್ನೊಬ್ಬರು ನಂಬೋದು, ಮಾತು ಬಿಡೋದು, ಮತ್ತೆ ಮಾತಾಡೋದು ಇವನ್ನು ಬರೆಯುವಾಗಲೇ ಎಲ್ಲರೂ ಎಡವುತ್ತಾರೆ. ಅಲ್ಲಿ ನಾನು ಹೇಳೋದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ಉದಾಹರಣೆಗೆ ನಾನೇ ಈಗ ಬರೆಯುತ್ತಿರುವ ಕಥೆಯ ಜೋಡಿಯನ್ನು ಇಟ್ಟುಕೊಳ್ಳೋಣ. ಚೈತ್ರಾ, 27, ಅರಸೀಕೆರೆಯವಳು. ಬೆಂಗಳೂರಿನ ಬೊಮ್ಮಸಂದ್ರದಲ್ಲಿ ಒಂದು ಔಷಧಿ ಕಂಪನಿಯ ಲ್ಯಾಬಿನಲ್ಲಿ ಕೆಲಸ, ಪಿಜಿಯಲ್ಲಿ ವಾಸ. ಮಂಜುನಾಥ, 30, ಗದಗದವನು. ಜಯನಗರದ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾನೆ. ಅವಳು ಹೊಸ ಕನ್ನಡಕ ಮಾಡಿಸೋಕೆ ಹೋದಾಗ ಪರಿಚಯ. ಕಾಲ 2025ರ ಆಗಸ್ಟ್.

ಮೊದಲು ಮುಚ್ಚಿಟ್ಟದ್ದನ್ನು ಗೊತ್ತು ಮಾಡಿಕೊಳ್ಳಿ

ಬರೆಯಲು ಕೂರುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಇಬ್ಬರೂ ಇನ್ನೂ ಹೇಳದೆ ಇಟ್ಟುಕೊಂಡಿರೋದು ಏನು ಅಂತ ಬರೆಯಿರಿ. ಕೊಲೆ, ಇನ್ನೊಂದು ಹೆಂಡತಿ, ಕ್ಯಾನ್ಸರ್ ಇವೆಲ್ಲ ಬೇಡ. ಸಣ್ಣದು ಸಾಕು. ಹೇಳಬೇಕಾದದ್ದೇ, ಆದರೆ ಯಾವತ್ತು ಹೇಳಬೇಕು ಅಂತ ತಿಳಿಯದ್ದು.

ಮಂಜು ತಂಗಿ ಮದುವೆಗೆ ಸಾಲ ಮಾಡಿದ್ದಾನೆ. ಸಂಬಳ ಮೂವತ್ತೆರಡು ಸಾವಿರ, ಅದರಲ್ಲಿ ಹದಿನಾಲ್ಕು ಸಾವಿರ ಇಎಂಐಗೆ ಹೋಗುತ್ತದೆ. ಚೈತ್ರಾಗೆ ಎರಡು ವರ್ಷದ ಹಿಂದೆ ನಿಶ್ಚಿತಾರ್ಥ ಆಗಿ, ಕಾರ್ಡ್ ಹಂಚಿದ ಮೇಲೆ ಮದುವೆ ನಿಂತಿದೆ. ಇಬ್ಬರೂ ಸುಳ್ಳು ಹೇಳಿಲ್ಲ. ಕೇಳಿಲ್ಲ, ಹೇಳಿಲ್ಲ, ಅಷ್ಟೇ.

ಹಾಳೆಯ ಮೇಲೆ ಇನ್ನೊಂದು ಕಾಲಂ ಹಾಕಿ: ತಾವಾಗಿ ಹೇಳದಿದ್ದರೆ ಇದು ಯಾರ ಬಾಯಿಂದ ಹೊರಗೆ ಬರುತ್ತದೆ? ಕಥೆ ಓಡೋದು ಈ ಕಾಲಂನಿಂದ. ಅರಸೀಕೆರೆಯಂಥ ಊರಲ್ಲಿ ಕಾರ್ಡ್ ಹಂಚಿದ ಮದುವೆ ನಿಂತರೆ ಅದು ಗುಟ್ಟಾಗಿ ಉಳಿಯುತ್ತಾ? ಒಂದಲ್ಲ ಒಂದು ದಿನ ಆ ಕಡೆಯ ಯಾರೋ ಜಯನಗರಕ್ಕೆ ಕನ್ನಡಕ ಮಾಡಿಸೋಕೆ ಬಂದೇ ಬರುತ್ತಾರೆ. ಓದುಗರಿಗೆ ಇದು ಗೊತ್ತಿರಲಿ, ಮಂಜುಗೆ ಗೊತ್ತಿಲ್ಲದೆ ಇರಲಿ. ಆಗ ಅವರು ಪಾನಿಪೂರಿ ತಿನ್ನುವ ದೃಶ್ಯ ಕೂಡ ಎದೆ ಡವಡವ ಅನ್ನಿಸುತ್ತದೆ. ಮತ್ತೆ, ಇದು ಒಂದು ಫೋನಿಗೆ ಬಗೆಹರಿಯುವ ಗೊಂದಲ ಅಲ್ಲ. ಫೋನ್ ಮಾಡಲು ಧೈರ್ಯ ಬೇಕಾದ ವಿಷಯ.

ನೀವು, ನೀನು, ಮತ್ತೆ ಎರಡೂ ಇಲ್ಲದ ಜಾಗ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. ಕನ್ನಡದಲ್ಲಿ ಬರೆಯುವವರ ಕೈಯಲ್ಲಿ ಇಷ್ಟು ಒಳ್ಳೆ ಸಾಮಾನು ಇದ್ದೂ ಬಳಸೋದೇ ಇಲ್ಲ.

ಹೊಸದಾಗಿ ಹತ್ತಿರ ಆದ ಇಬ್ಬರಿಗೆ ಕನ್ನಡದಲ್ಲಿ ಒಂದು ಪೇಚಾಟ ಇದೆ. ‘ನೀವು’ ಅಂದರೆ ಇನ್ನೂ ಹೊರಗಿನವರು. ‘ನೀನು’ ಅಂದರೆ ಇಷ್ಟು ಬೇಗನಾ ಅನ್ನಿಸುತ್ತದೆ. ನಡುವೆ ನಿಲ್ಲೋಕೆ ಜಾಗ ಇಲ್ಲ. ಆಗ ಜನ ಏನು ಮಾಡುತ್ತಾರೆ ಅಂತ ಬಸ್ಸಿನಲ್ಲಿ ಕಿವಿ ಕೊಟ್ಟು ಕೇಳಿ. ಎರಡನ್ನೂ ತಪ್ಪಿಸಿಕೊಂಡು ಮಾತಾಡುತ್ತಾರೆ. ‘ಊಟ ಮಾಡಿದ್ರಾ’ ಅಂದರೂ ಕಷ್ಟ, ‘ಊಟ ಮಾಡಿದ್ಯಾ’ ಅಂದರೂ ಕಷ್ಟ. ‘ಊಟ ಆಯ್ತಾ?’ ಅಂದರೆ ಪಾರು! ಯಾರು ಉಂಡದ್ದು ಅನ್ನೋದು ಆ ಮಾತಿನಲ್ಲೇ ಇಲ್ಲ. ‘ಮನೆ ಸೇರಿದ್ದಾಯ್ತಾ?’, ‘ನಾಳೆ ಬರೋದು ಎಷ್ಟೊತ್ತಿಗೆ?’, ‘ಜ್ವರ ಹೇಗಿದೆ?’ ಎಲ್ಲ ಅದೇ ಉಪಾಯ.

ಹಾಗಾಗಿ ಮೊದಲ ಮೂರು ನಾಲ್ಕು ಭೇಟಿಗಳ ಸಂಭಾಷಣೆ ಬರೆಯುವಾಗ ಇಬ್ಬರ ಬಾಯಿಂದಲೂ ಆದಷ್ಟು ಈ ಎರಡು ಪದಗಳನ್ನು ತೆಗೆದುಹಾಕಿ. ಕ್ರಿಯಾಪದದ ತುದಿಯನ್ನೂ ಕಾಯಿರಿ. ಇಬ್ಬರೂ ಏನನ್ನೋ ಕಾಯ್ತಾ ಇದ್ದಾರೆ ಅಂತ ಓದುಗರಿಗೆ ತಾನಾಗಿ ತಟ್ಟುತ್ತದೆ. ಆಮೇಲೆ ಒಬ್ಬರ ಬಾಯಿಂದ ಅದು ಜಾರಬೇಕು. ಯಾರ ಬಾಯಿಂದ, ಯಾವಾಗ ಅನ್ನೋದನ್ನು ನೀವು ಯೋಚಿಸಬೇಕು.

ನಾನು ಹೀಗೆ ಬರೆದೆ. ಇಬ್ಬರೂ ಜಯನಗರದಲ್ಲಿ ರಸ್ತೆ ದಾಟುತ್ತಿದ್ದಾರೆ. ಮಂಜು ಮಾತಾಡುತ್ತಾ ಒಂದು ಹೆಜ್ಜೆ ಮುಂದೆ ಇಟ್ಟ. ಒನ್‌ವೇಯಲ್ಲಿ ತಿರುವುಮುರುವಾಗಿ ಒಂದು ಸ್ಕೂಟರ್ ಬಂತು.

‘ಏ, ನಿಲ್ಲೋ!’ ಅಂದು ಚೈತ್ರಾ ಅವನ ಬ್ಯಾಗಿನ ಪಟ್ಟಿ ಹಿಡಿದು ಎಳೆದಳು.

ಸ್ಕೂಟರ್ ಹೋಯಿತು. ರಸ್ತೆ ದಾಟಿದರು. ಎಳನೀರಿನ ಗಾಡಿ ಬರುವವರೆಗೂ ಇಬ್ಬರೂ ಮಾತಾಡಲಿಲ್ಲ.

‘ನಿಂತ್ಕೊಳ್ಳಿ ಅನ್ನೋಷ್ಟು ಟೈಮ್ ಇರ್ಲಿಲ್ಲ,’ ಅಂದಳು ಚೈತ್ರಾ.

‘ಹೌದ್ರಿ, ಒಂದಕ್ಷರ ಉಳೀತು,’ ಅಂದ ಮಂಜು.

ಇಷ್ಟೇ. ‘ಅವಳ ಸಲಿಗೆ ಅವನಿಗೆ ಹಿತವೆನಿಸಿತು’ ಅಂತ ಕೆಳಗೆ ಒಂದು ಸಾಲು ಸೇರಿಸಿದ್ದೆ. ನಮ್ಮ ಗುಂಪಿನವರು ಹೊಡೆದುಹಾಕಿಸಿದರು. ಬಿಡಿ, ಅವರು ಹೇಳಿದ್ದೇ ಸರಿ.

ಇನ್ನು ಊರಿನ ಪ್ರಶ್ನೆ. ನನ್ನ ಯಜಮಾನರು ಹುಬ್ಬಳ್ಳಿ ಕಡೆಯವರು. ಮದುವೆ ಗೊತ್ತಾದ ಮೇಲೆ ಎರಡು ತಿಂಗಳು ‘ಬರ್ರಿ’, ‘ಕೂಡ್ರಿ’, ‘ಹೌದ್ರಿ’ ಅಂತ ಮಾತಾಡಿದರು. ನಮ್ಮ ಹಾಸನದ ಕಿವಿಗೆ ಇವರಿಗೆ ನನ್ನ ಮೇಲೆ ಮನಸ್ಸೇ ಇಲ್ಲವೇನೋ ಅನ್ನಿಸಿತು. ಆ ಕಡೆ ‘ರಿ’ ಅನ್ನೋದು ಮರ್ಯಾದೆಯ ಜೊತೆಗೆ ಉಸಿರಾಟದಂಥ ಅಭ್ಯಾಸ, ಹಾಲಿನವರಿಗೂ ‘ರಿ’, ತಂಗಿಯ ಗಂಡನಿಗೂ ‘ರಿ’. ಕೊನೆಗೊಂದು ದಿನ ನಾನು ಪಾತ್ರೆ ತೊಳೆಯೋಕೆ ಎದ್ದಾಗ ‘ನೀ ಸುಮ್ನ ಕೂಡು’ ಅಂದರು. ಬೈದರು ಅಂದುಕೊಂಡು ನಾನು ಅಳು ನುಂಗಿಕೊಂಡು ಕೂತೆ. ಅದು ಅವರು ನನಗೆ ಮೊದಲ ಸಲ ಹೇಳಿದ ಪ್ರೀತಿಯ ಮಾತು ಅಂತ ಅತ್ತೆಯವರು ಹೇಳಿದ ಮೇಲೇ ತಿಳಿದದ್ದು.

ಚೈತ್ರಾಗೂ ಮಂಜುಗೂ ಇದನ್ನೇ ಸಾಲ ಕೊಟ್ಟಿದ್ದೇನೆ. ಇಂಥ ತಪ್ಪು ತಿಳುವಳಿಕೆ ಎಷ್ಟು ಫೋನ್ ಮಾಡಿದರೂ ಹೋಗುವುದಿಲ್ಲ, ಯಾಕೆಂದರೆ ಇಬ್ಬರೂ ತಾವು ಸ್ಪಷ್ಟವಾಗೇ ಮಾತಾಡಿದ್ದೇವೆ ಅಂದುಕೊಂಡಿರುತ್ತಾರೆ. ಆದರೆ ಒಂದು ಎಚ್ಚರಿಕೆ. ಗದಗದ ಮಾತು ನಿಮಗೆ ಗೊತ್ತಿಲ್ಲದಿದ್ದರೆ ನಾಲ್ಕು ‘ಐತಿ’ ಚಿಮುಕಿಸಿ ಹುಡುಗನನ್ನು ಗದಗಕ್ಕೆ ಕಳಿಸಬೇಡಿ. ನಿಮ್ಮ ಊರಿನವನನ್ನೇ ಬರೆಯಿರಿ. ಮಂಗಳೂರು ಕಡೆಯ ‘ಮಾರಾಯ’, ‘ಮಾರಾಯ್ತಿ’ಯನ್ನೂ ಪ್ರೀತಿಯ ಗುರುತು ಅಂತ ಬಳಸಬೇಡಿ. ಅದನ್ನು ಅಲ್ಲಿ ಯಾರು ಯಾರಿಗೆ ಬೇಕಾದರೂ ಅನ್ನುತ್ತಾರೆ.

ಡಬ್ಬಿ

ನಮ್ಮ ಗುಂಪಿನಲ್ಲಿ ಒಂದು ದಂಡ ಇದೆ. ಪಾತ್ರಗಳ ಬಾಯಲ್ಲಿ ‘ನಂಬಿಕೆ’, ‘ವಿಶ್ವಾಸ’ ಬಂದರೆ ಹತ್ತು ರೂಪಾಯಿ. ‘ಸಂವಹನ’ ಬಂದರೆ ಇಪ್ಪತ್ತು. ಆ ದುಡ್ಡಿನಲ್ಲೇ ತಿಂಗಳ ಬಿಸ್ಕತ್ತು ನಡೆಯುತ್ತಿದೆ.

ಆ ಪದಗಳನ್ನು ಕಿತ್ತ ಮೇಲೆ ಜಾಗ ಖಾಲಿ ಉಳಿಯುತ್ತದಲ್ಲ, ಅಲ್ಲಿಗೆ ಕೈಯಿಂದ ಕೈಗೆ ಹೋಗುವ ಒಂದು ವಸ್ತು ತನ್ನಿ. ವಾಪಸ್ ಕೊಡಬೇಕಾದ ವಸ್ತು. ನನ್ನ ಕಥೆಯಲ್ಲಿ ಅದು ಸ್ಟೀಲಿನ ಸಣ್ಣ ಡಬ್ಬಿ. ಮಂಜು ಊರಿಂದ ಬರುವಾಗ ಅವರವ್ವ ಮಾಡಿದ ಶೇಂಗಾ ಚಟ್ನಿಪುಡಿ ತಂದು ಅವಳಿಗೆ ಕೊಡುತ್ತಾನೆ. ಪಿಜಿ ಊಟಕ್ಕೆ ಕಲಸಿಕೊಂಡು ಅವಳು ನಾಲ್ಕೇ ದಿನದಲ್ಲಿ ಖಾಲಿ ಮಾಡುತ್ತಾಳೆ.

ಈಗ ಕಷ್ಟ ಶುರು. ಡಬ್ಬಿ ಖಾಲಿ ವಾಪಸ್ ಕೊಡಬಾರದು. ನಮ್ಮ ಮನೆಗಳಲ್ಲಿ ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಪಿಜಿಯಲ್ಲಿ ಒಲೆ ಇಲ್ಲ. ಅಂಗಡಿಯ ಚಿಪ್ಸ್ ಹಾಕಿಕೊಡೋಕೆ ಮನಸ್ಸಿಲ್ಲ. ಡಬ್ಬಿ ಹನ್ನೊಂದು ದಿನ ಅವಳ ಕಪಾಟಿನಲ್ಲಿ ಇರುತ್ತದೆ. ಮಂಜು ಒಂದು ಸಲವೂ ಕೇಳುವುದಿಲ್ಲ. ಅವ್ವ ಫೋನಿನಲ್ಲಿ ‘ಡಬ್ಬಿ ಎಲ್ಲೈತೋ?’ ಅಂತ ಕೇಳಿದರೆ ‘ಐತಿ ಬೇ’ ಅನ್ನುತ್ತಾನೆ. ಅವನು ಅವಳನ್ನು ನಂಬಿದ್ದಾನೆ ಅಂತ ಬರೆಯೋಕೆ ನನಗೆ ಇನ್ನೇನು ಬೇಕು?

ಚೈತ್ರಾ ಶನಿವಾರ ಡಬ್ಬಿಯನ್ನು ಊರಿಗೇ ಒಯ್ಯುತ್ತಾಳೆ. ಅರಸೀಕೆರೆಯಲ್ಲಿ ತೆಂಗಿಗೇನು ಬರ? ಕೊಬ್ಬರಿ ಮಿಠಾಯಿ ಮಾಡಿಕೊಡು ಅಂತ ಅಮ್ಮನನ್ನು ಕೇಳುತ್ತಾಳೆ. ಅಮ್ಮ ಡಬ್ಬಿ ತೊಳೆಯುವಾಗ ಮುಚ್ಚಳ ತಿರುಗಿಸಿ ನೋಡುತ್ತಾರೆ. ಪಾತ್ರೆ ಅಂಗಡಿಯಲ್ಲಿ ಕೊರೆಸಿದ ಅಕ್ಷರ, ಚುಕ್ಕಿ ಚುಕ್ಕಿಯಾಗಿ: ಶಾಂತವ್ವ, ಗದಗ.

‘ಶಾಂತವ್ವ ಯಾರೇ?’

ಈ ಮುಚ್ಚಳ ಹೊಳೆದ ದಿನ ನನಗೆ ನಿದ್ದೆ ಬರಲಿಲ್ಲ. ಪಾತ್ರೆ ಮೇಲೆ ಹೆಸರು ಕೊರೆಸುವ ನಮ್ಮ ಜನರ ಅಭ್ಯಾಸಕ್ಕೆ ಕೈಮುಗಿದೆ. ಮಗಳು ಬಾಯಿ ಬಿಡದೆಯೇ ಇರುವ ವಿಷಯ ಅಡುಗೆಮನೆಗೆ ಬಂದು ಕೂತಿತು. ನಿಮ್ಮ ಕಥೆಗೆ ಡಬ್ಬಿಯೇ ಬೇಕಂತಿಲ್ಲ. ಕೊಡೆ, ಚಾರ್ಜರ್, ಲೈಬ್ರರಿ ಪುಸ್ತಕ, ಹೆಲ್ಮೆಟ್ ಯಾವುದಾದರೂ ಆಗಬಹುದು. ಆದರೆ ಅದು ವಾಪಸ್ ಬರುವಾಗ ಹೋದಾಗಿದ್ದ ಹಾಗೆ ಇರಬಾರದು.

ಅಮ್ಮನ ಮುಂದಿನ ಪ್ರಶ್ನೆ: ‘ಅವರ ಮನೆದೇವ್ರು ಯಾವ್ದಂತೆ?’

ಇದರ ಬಗ್ಗೆ ಎರಡೇ ಮಾತು. ಈಗಿನ ನಮ್ಮ ಪ್ರೇಮಕಥೆಗಳಲ್ಲಿ ಎಷ್ಟೋ ಜೋಡಿಗೆ ಜಾತಿ ಇರುವುದೇ ಇಲ್ಲ. ಆಕಾಶದಿಂದ ಉದುರಿ ಕೆಫೆಯಲ್ಲಿ ಕೂತಿರುತ್ತಾರೆ. ನಿಜವಾಗಿ ಆ ಮಾತು ಇಬ್ಬರ ನಡುವೆ ಮೊದಲ ದಿನದಿಂದ ಇರುತ್ತದೆ, ಇಬ್ಬರೂ ಅದನ್ನು ಮುಂದಕ್ಕೆ ತಳ್ಳುತ್ತಿರುತ್ತಾರೆ. ನೇರವಾಗಿ ಯಾರೂ ಕೇಳಲ್ಲ. ಮನೆದೇವರು ಯಾವುದು, ಮನೇಲಿ ಮೊಟ್ಟೆ ಮಾಡ್ತಾರಾ, ಅಜ್ಜಿ ಊರು ಯಾವುದು ಹೀಗೆ ಸುತ್ತಿ ಬರುತ್ತಾರೆ. ಭಾಷಣ ಬರೆಯಬೇಡಿ, ಆ ಸುತ್ತಾಟವನ್ನು ಬರೆಯಿರಿ.

ಫೋನು, ರೈಲು, ಇಪ್ಪತ್ತೈದು ನಿಮಿಷ

ವಾಟ್ಸಾಪ್ ಮಾತುಕತೆಯನ್ನು ಪುಟಗಟ್ಟಲೆ ಇಳಿಸಬೇಡಿ. ‘ಹಾಯ್’, ‘ಹಾಯ್’, ‘ಏನ್ ಮಾಡ್ತಾ ಇದೀರಾ’ ಇವೆಲ್ಲ ನಿಮ್ಮ ಫೋನಿನಲ್ಲೇ ಇರಲಿ. ಹತ್ತು ಮೆಸೇಜಿನಲ್ಲಿ ಒಂದನ್ನು ಆರಿಸಿ. ಕಳಿಸಿ ಅಳಿಸಿದ ಮೆಸೇಜು ಒಳ್ಳೆ ಸಾಮಾನು, ಯಾಕೆಂದರೆ ಅಳಿಸಿದ ಗುರುತು ಅಲ್ಲೇ ಉಳಿಯುತ್ತದೆ. ಅದರ ಬಗ್ಗೆ ಕೇಳುವುದೋ ಬಿಡುವುದೋ ಅನ್ನೋದೇ ಒಂದು ದೃಶ್ಯ ಆಗಬಹುದು.

ಕಾಲದ ಲೆಕ್ಕ ಸರಿ ಇರಲಿ. ನೀಲಿ ಟಿಕ್ ಬಂದದ್ದು 2014ರ ನವೆಂಬರಿನಲ್ಲಿ. ನಮ್ಮಲ್ಲಿ ಒಬ್ಬರ ಕಥೆಯಲ್ಲಿ 2012ರಲ್ಲೇ ಹುಡುಗಿ ನೀಲಿ ಟಿಕ್ ನೋಡಿ ಅತ್ತಿದ್ದಳು, ಪಾಪ.

ಕಾಲ, ಜಾಗದ ನಿಖರ ವಿವರ ಕೈಯಲ್ಲಿದ್ದರೆ ಅನುಮಾನವನ್ನೂ ಅಳತೆ ಮಾಡಿ ತೋರಿಸಬಹುದು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೊ ಜನರಿಗೆ ಸಿಕ್ಕಿದ್ದು 2025ರ ಆಗಸ್ಟ್ 11ರಂದು. ಶುರುವಿನಲ್ಲಿ ಮೂರೇ ರೈಲು, 25 ನಿಮಿಷಕ್ಕೊಂದು. ಅದಕ್ಕೇ ಕಥೆಯನ್ನು ಆ ತಿಂಗಳಿಗೆ ಇಟ್ಟೆ. ಒಂದು ಸಂಜೆ ಚೈತ್ರಾ ಐವತ್ತು ನಿಮಿಷ ತಡವಾಗಿ ಬಂದು ‘ಒಂದು ರೈಲು ಮಿಸ್ ಆಯ್ತು’ ಅನ್ನುತ್ತಾಳೆ. ಆರ್.ವಿ. ರಸ್ತೆ ನಿಲ್ದಾಣದ ಕೆಳಗೆ ಕಾಯುತ್ತಿದ್ದ ಮಂಜುಗೆ ಲೆಕ್ಕ ಬರುತ್ತದೆ. ಒಂದು ರೈಲು ಅಂದರೆ ಇಪ್ಪತ್ತೈದು. ಇನ್ನೊಂದು ಇಪ್ಪತ್ತೈದು ಎಲ್ಲಿ ಹೋಯಿತು?

ಅವನು ಕೇಳುವುದಿಲ್ಲ. ಎರಡು ಕಾಫಿ ಹೇಳುತ್ತಾನೆ. ಆ ಇಪ್ಪತ್ತೈದು ನಿಮಿಷ ಅವಳು ಬೊಮ್ಮಸಂದ್ರದ ಪ್ಲಾಟ್‌ಫಾರ್ಮಿನಲ್ಲಿ ನಿಂತು ಅಮ್ಮನ ಜೊತೆ ಶಾಂತವ್ವನ ಬಗ್ಗೆ ಜಗಳ ಆಡುತ್ತಿದ್ದಳು. ಓದುಗರಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅವನ ಮೌನ ಒಳ್ಳೆತನವೋ, ಅನುಮಾನವೋ? ಅವನಿಗೂ ಸರಿಯಾಗಿ ತಿಳಿದಿರಬಾರದು.

ಹೇಳೋಕೆ ಮರೆತಿದ್ದೆ. ಲೊಕೇಶನ್ ಹಂಚಿಕೊಳ್ಳೋದು, ಪಾಸ್‌ವರ್ಡ್ ಕೊಡೋದು ಇವನ್ನು ಪ್ರೀತಿಯ ಸಾಕ್ಷಿ ಅಂತ ಬರೆದ ಕಥೆ ಬಂದರೆ ನನಗೆ ಮೈ ಉರಿಯುತ್ತದೆ. ನಿಮ್ಮ ಪಾತ್ರ ಹಾಗೆ ಕೇಳಬಹುದು, ಕೇಳುವ ಜನ ಇದ್ದಾರೆ. ಲೇಖಕರಾದ ನೀವು ಅದಕ್ಕೆ ತಲೆದೂಗಬೇಡಿ.

ಜಗಳ, ಆಮೇಲಿನದು

ಕೊನೆಗೂ ಕನ್ನಡಕದ ಅಂಗಡಿಗೆ ಅರಸೀಕೆರೆಯವರು ಒಬ್ಬರು ಬಂದರು. ಮಾತಿಗೆ ಮಾತು ಬಂದು ‘ಆ ಹುಡುಗಿಯಾ? ಮದುವೆ ನಿಂತ್ಹೋಯ್ತಲ್ಲ, ಪಾಪ’ ಅಂದರು. ಅವತ್ತು ಸಂಜೆಯ ದೃಶ್ಯವನ್ನು ನಾನು ಮೊದಲು ಬರೆದದ್ದು ಹೀಗೆ:

‘ನೀನು ನನ್ನನ್ನು ನಂಬುವುದಿಲ್ಲ ಅಲ್ಲವೇ ಚೈತ್ರಾ? ಇಷ್ಟು ದೊಡ್ಡ ಸತ್ಯವನ್ನು ಏಕೆ ಮುಚ್ಚಿಟ್ಟೆ?’

‘ನಿನ್ನನ್ನು ಕಳೆದುಕೊಳ್ಳುವ ಭಯದಿಂದ ಮಂಜು!’

ಓದಿ ಮುಗಿಸುವ ಮೊದಲೇ ಒಬ್ಬರು ಬಿಸ್ಕತ್ತಿನ ಡಬ್ಬ ಮುಂದೆ ತಳ್ಳಿದರು. ದಂಡಕ್ಕಿಂತ ಜಾಸ್ತಿ ನಾಚಿಕೆ ಆಯಿತು. ಯಾವ ಗದಗದ ಹುಡುಗ ಹೀಗೆ ಮಾತಾಡುತ್ತಾನೆ? ಸಿಟ್ಟು ಬಂದಾಗ ನಮ್ಮ ಜನ ಉದ್ದ ವಾಕ್ಯ ಹೇಳುವುದಿಲ್ಲ. ‘ಇರ್ಲಿ ಬಿಡಿ’ ಅನ್ನುತ್ತಾರೆ. ‘ಏನಿಲ್ಲ’ ಅನ್ನುತ್ತಾರೆ. ‘ನಿಮ್ಮಿಷ್ಟ’ ಅನ್ನುತ್ತಾರೆ. ಆ ‘ಬಿಡಿ’ಯೊಳಗೆ ಎಷ್ಟು ಬೇಕಾದರೂ ತುಂಬಿಡಬಹುದು. ನೋವಾದವರು ದೊಡ್ಡ ಪ್ರಶ್ನೆ ಬಿಟ್ಟು ಪಕ್ಕದ ಸಣ್ಣ ಪ್ರಶ್ನೆ ಕೇಳುತ್ತಾರೆ. ಅದನ್ನು ಹಿಡಿದು ಮತ್ತೆ ಬರೆದೆ:

‘ಕಾರ್ಡ್ ಯಾವ ಬಣ್ಣದ್ದಿತ್ತು?’ ಅಂದ ಮಂಜು.

ಯಾವ ಕಾರ್ಡ್ ಅಂತ ಚೈತ್ರಾ ಕೇಳಲಿಲ್ಲ. ಕನ್ನಡಕ ತೆಗೆದು ದುಪಟ್ಟಾದ ಅಂಚಿನಿಂದ ಒರೆಸಿದಳು.

‘ಅರಿಶಿಣದ್ದು. ಮೂಲೇಲಿ ಗಣಪತಿ. ಆರುನೂರು ಹಾಕ್ಸಿದ್ರು.’

‘ಎಲ್ಲಾ ಹಂಚಿದ್ರೇನು?’

‘ನಾನೂರು ಚಿಲ್ಲರೆ. ಉಳಿದಿದ್ದರ ಹಿಂದೆ ಅಪ್ಪ ಈಗ್ಲೂ ಹಾಲಿನ ಲೆಕ್ಕ ಬರೀತಾರೆ.’

ಮಂಜು ನಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ‘ನಂದೂ ಒಂದು ಲೆಕ್ಕ ಐತ್ರಿ’ ಅಂದ. ‘ತಿಂಗಳಾ ಹದಿನಾಕು ಸಾವಿರ. ಇನ್ನೂ ಮೂರು ವರ್ಷ.’

ಇಲ್ಲಿ ಯಾರೂ ಕ್ಷಮೆ ಕೇಳಲಿಲ್ಲ, ಯಾರೂ ಅಳಲಿಲ್ಲ, ಮಳೆಯನ್ನೂ ಬರಿಸಲಿಲ್ಲ. ಅವಳು ಒಂದು ಕೊಟ್ಟಳು, ಅವನು ಅಷ್ಟೇ ತೂಕದ್ದು ಒಂದು ಕೊಟ್ಟ. ‘ತೂಕ’ ಅಂತ ಯಾಕೆ ಹೇಳುತ್ತೇನೆ ಅಂದರೆ, ಎಷ್ಟೋ ಕಥೆಗಳಲ್ಲಿ ಹುಡುಗಿ ತನ್ನ ಹಳೇ ಕಥೆಯೆಲ್ಲ ಹೇಳಿಕೊಂಡು ಅಳುತ್ತಾಳೆ, ಹುಡುಗ ದೊಡ್ಡ ಮನಸ್ಸು ಮಾಡಿ ಒಪ್ಪುತ್ತಾನೆ. ಅವನದ್ದೇನೂ ಖರ್ಚಾಗಲ್ಲ. ಓದುವ ಹುಡುಗಿಯರಿಗೆ ಇದು ಗೊತ್ತಾಗುತ್ತದೆ.

ಹೇಳಿಕೊಂಡ ಮಾತಿಗೆ ಮುಂದಿನ ದೃಶ್ಯದಲ್ಲಿ ಬೆಲೆ ತೆರಬೇಕು. ಇಲ್ಲದಿದ್ದರೆ ಅದು ಬರೀ ಬಾಯಿಮಾತು. ಮುಂಚೆ ಮಂಜು ಮೈಸೂರಿಗೆ ವೋಲ್ವೋದಲ್ಲಿ ಹೋಗೋಣ ಅಂದಿದ್ದ. ಈಗ ಸಾದಾ ಬಸ್ಸಿನಲ್ಲಿ ಹೋಗೋಣ ಅಂತ ಅವನೇ ಹೇಳಬೇಕು. ಅದು ಹೇಳೋಕೆ ಅವನಿಗೆ ಮುಜುಗರ ಆಗಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾದಾ ಬಸ್ಸು ಫ್ರೀ. ಕಂಡಕ್ಟರ್ ಅವಳಿಗೆ ದುಡ್ಡಿಲ್ಲದ ಟಿಕೆಟ್ ಹರಿದು ಕೊಟ್ಟು ಮಂಜು ಕಡೆ ಕೈ ಚಾಚುತ್ತಾರೆ. ಚೈತ್ರಾ ತನ್ನ ಟಿಕೆಟ್ಟನ್ನು ಅವನ ಟಿಕೆಟ್ಟಿನ ಜೊತೆ ಮಡಚಿ ಅವನ ಜೇಬಿಗೆ ಹಾಕುತ್ತಾಳೆ. ಆ ದೃಶ್ಯ ನನಗೆ ಇಡೀ ಕಥೆಯಲ್ಲೇ ಇಷ್ಟ. ಗುಂಪಿನಲ್ಲಿ ಯಾರಿಗೂ ಅಷ್ಟೇನೂ ಇಷ್ಟ ಆಗಿಲ್ಲ, ಇರಲಿ.

ಬರೆದು ಮುಗಿದ ಮೇಲೆ ಸಂಭಾಷಣೆಯನ್ನು ಜೋರಾಗಿ ಓದಿ. ಒಬ್ಬರೇ ಓದಿದರೆ ಸಾಲದು, ಇಬ್ಬರು ಬೇಕು. ನಾಲಿಗೆ ತೊಡರಿದ ಕಡೆ ಗುರುತು ಹಾಕಿ.

ಹೋದ ಶನಿವಾರ ಹಾಗೆ ಓದುವಾಗ ಕೊನೆಯ ಪುಟಕ್ಕೆ ಬಂದು ನಿಂತೆವು. ಚೈತ್ರಾ ಮೆಟ್ರೊ ಮೆಟ್ಟಿಲಿಳಿದು ಬರುತ್ತಾಳೆ, ಮಂಜು ಒಂದೇ ಮಾತು ಹೇಳಬೇಕು. ಅದು ‘ಬಾ’ ಆಗಬೇಕೋ ‘ಬರ್ರಿ’ ಆಗಬೇಕೋ? ‘ಬಾ’ ಅಂದರೆ ಹತ್ತಿರ ಆದರು ಅಂತ ಒಬ್ಬರು. ‘ಬರ್ರಿ’ ಅಂದರೆ ಈಗ ಅವಳಿಗೆ ಅದರ ಅರ್ಥ ಗೊತ್ತು, ಅದೇ ಚೆಂದ ಅಂತ ಇನ್ನೊಬ್ಬರು. ಮುಕ್ಕಾಲು ಗಂಟೆ ವಾದ ನಡೆಯಿತು, ಕಾಫಿ ಎರಡನೇ ಸುತ್ತು ಬಂತು. ನಮ್ಮ ಯಜಮಾನರು ಲೋಟ ಇಡುತ್ತಾ, ‘ಎರಡೂ ಬ್ಯಾಡ ತಗೀರಿ’ ಅಂದರು. ‘ಡಬ್ಬಿ ತಂದದ್ದಾತೇನು ಅಂತ ಕೇಳ್ಲಿ.’